ನೀರಿನ ಹಾಸಿಗೆಯೋ ಗಾಳಿ ಹಾಸಿಗೆಯೋ ಎಂಬುದು ಆಮೇಲೆ, ಮೊದಲು ಕುರ್ಚಿ ನೋಡಿ

ಅಪ್ಪ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನವಿಲ್ಲ, ಎಡ ಕುಂಡಿಯ ಅಡಿಯಲ್ಲಿ ನಾಣ್ಯದಷ್ಟು ಜಾಗ ಕಪ್ಪಿಟ್ಟಿದೆ, ಚರ್ಮ ಒಡೆದಿಲ್ಲ, ಯಾವ ಹಾಸಿಗೆ ತರಲಿ ಅಂತ ಕೇಳಿದ್ದೀರಿ. ಬೆಳಗ್ಗೆ ವೀಲ್‌ಚೇರಿಗೆ ಕೂರಿಸಿದರೆ ಮಧ್ಯಾಹ್ನದ ಊಟದವರೆಗೆ ಟಿವಿ ಮುಂದೆ ಇರುತ್ತಾರೆ ಅಂತ ನೀವೇ ಬರೆದಿದ್ದೀರಿ. ಉತ್ತರ ಆ ಸಾಲಿನಲ್ಲೇ ಇದೆ.

ನಾನು ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವನು. ನನಗೂ ಹೀಗೆ ಒಂದೇ ಕಡೆ ಭಾರ ಒತ್ತಿ ಹುಣ್ಣಾಗಿದ್ದು ಅದೇ ಜಾಗದಲ್ಲಿ. ಅದು ಹಾಸಿಗೆಯ ಹುಣ್ಣಲ್ಲ, ಕುರ್ಚಿಯ ಹುಣ್ಣು. ಎಲ್ಲಿ ಆಗಿದೆ ಅನ್ನುವುದೇ ಯಾಕೆ ಆಯಿತು ಅಂತ ಹೇಳುತ್ತದೆ. ಬೆನ್ನಿನ ಕೊನೆಯಲ್ಲಿ, ಕುಂಡಿಯ ಸೀಳಿಗಿಂತ ಸ್ವಲ್ಪ ಮೇಲೆ ಆಗಿದ್ದರೆ ಅಂಗಾತ ಮಲಗಿದ್ದರಿಂದ, ಇಲ್ಲವೇ ದಿಂಬಿಗೆ ಒರಗಿ ಕೂತು ನಿಧಾನಕ್ಕೆ ಕೆಳಗೆ ಜಾರಿದ್ದರಿಂದ. ಸೊಂಟದ ಪಕ್ಕದ ಎಲುಬಿನ ಮೇಲಾದರೆ ಪೂರ್ತಿ ಮಗ್ಗುಲಾಗಿ ಮಲಗಿಸಿದ್ದರಿಂದ. ಕೂತಾಗ ಒತ್ತುವ ಎರಡು ಎಲುಬುಗಳ ಅಡಿಯಲ್ಲಿ ಆದರೆ ಕೂತಿದ್ದರಿಂದ. ಇದಕ್ಕೆ ನೀವು ಚಿನ್ನದ ಹಾಸಿಗೆ ತಂದರೂ ಹಗಲು ಕುರ್ಚಿ ಮಾಡುವ ಗಾಯವನ್ನು ರಾತ್ರಿ ಹಾಸಿಗೆ ವಾಸಿ ಮಾಡುವುದಿಲ್ಲ.

ನನ್ನ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ಒಳ್ಳೆಯ ಸಾಮಾನು ತಂದವರೇ ಮಾಡುವ ತಪ್ಪು. ಸಾಲ ಮಾಡಿ ಸಣ್ಣ ಸಣ್ಣ ಗುಳ್ಳೆಗಳಿರುವ ಏರ್ ಕುಶನ್ ತರಿಸಿದೆ. ಸ್ಕೂಟರಿನ ಟೈರಿಗೆ ಗಾಳಿ ಕಡಿಮೆಯಾದರೆ ಟ್ಯೂಬ್ ಹಾಳು ಅನ್ನುವ ಬುದ್ಧಿ ನನ್ನದು. ಗುಳ್ಳೆಗಳು ಬಿಗಿಯಾಗುವವರೆಗೆ ಪಂಪು ಹೊಡೆದೆ. ಕೂತರೆ ಎತ್ತರಕ್ಕೆ ಬರುತ್ತಿದ್ದೆ, ಮೆತ್ತಗೆ ಕಾಣುತ್ತಿತ್ತು, ಖುಷಿಯಾಯಿತು. ಆದರೆ ಆ ಕುಶನ್ ಕೆಲಸ ಮಾಡುವುದೇ ನಾವು ಅದರೊಳಗೆ ಹುದುಗಿದಾಗ. ಕುಂಡಿ ಒಳಗಿಳಿದರೆ ಭಾರ ತೊಡೆಯ ತುಂಬ ಹರಡುತ್ತದೆ. ಗಾಳಿ ಬಿಗಿಯಾಗಿದ್ದರೆ ಅದು ಹಲಗೆಯ ಹಾಗೆ: ಎಲ್ಲ ಭಾರ ಎರಡು ಎಲುಬಿನ ತುದಿಯ ಮೇಲೆ. ಜೊತೆಗೆ ಗಾಳಿ ತುಂಬಿದ್ದು ಮಂಗಳೂರಿನಲ್ಲಿ, ಅಲ್ಲಿಂದ ಘಾಟಿ ಹತ್ತಿ ಮೂಡಿಗೆರೆ ಕಡೆಯ ನಮ್ಮೂರಿಗೆ ಬಂದೆ. ಸುಮಾರು 900 ಮೀಟರ್ ಮೇಲೆ ಹೊರಗಿನ ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ, ಕುಶನ್ನಿನೊಳಗಿನ ಗಾಳಿ ಅಷ್ಟು ಹಿಗ್ಗುತ್ತದೆ. ಮೊದಲೇ ಬಿಗಿ ಇದ್ದದ್ದು ಇನ್ನೂ ಬಿಗಿಯಾಯಿತು. ಸ್ಪರ್ಶವಿಲ್ಲದ ಕುಂಡಿಗೆ ಇದು ತಿಳಿಯುವುದು ಹೇಗೆ? ಆರು ವಾರ ಕವುಚಿ ಮಲಗಿದೆ.

ಸರಿಯಾದ ಕ್ರಮ ಹೀಗೆ. ಮೊದಲು ಸ್ವಲ್ಪ ಜಾಸ್ತಿಯೇ ಗಾಳಿ ತುಂಬಿ. ಅವರು ದಿನಾ ಕೂರುವ ಹಾಗೆ, ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂರಲಿ. ನಿಮ್ಮ ಅಂಗೈಯನ್ನು ಮೇಲ್ಮುಖ ಮಾಡಿ ಕುಶನ್ನಿಗೂ ಕುಂಡಿಗೂ ನಡುವೆ ತೂರಿಸಿ, ಅತಿ ಕೆಳಗಿರುವ ಎಲುಬನ್ನು ಹುಡುಕಿ. ಕೈ ಅಲ್ಲೇ ಇರಲಿ, ಇನ್ನೊಂದು ಕೈಯಲ್ಲಿ ವಾಲ್ವ್ ತಿರುಗಿಸಿ ಗಾಳಿ ಬಿಡಿ. ಎಲುಬಿಗೂ ಕುಶನ್ನಿನ ತಳಕ್ಕೂ ಮಧ್ಯೆ ಅರ್ಧದಿಂದ ಒಂದು ಇಂಚು ಉಳಿದಾಗ ನಿಲ್ಲಿಸಿ. ಅದಕ್ಕಿಂತ ಕಡಿಮೆಯಾದರೆ ಎಲುಬು ತಳ ಮುಟ್ಟುತ್ತದೆ, ಅದೂ ಹುಣ್ಣೇ. ದಿನಾ ಬೆಳಗ್ಗೆ ಇದೇ ಪರೀಕ್ಷೆ. ಘಾಟಿ ಹತ್ತಿದರೂ ಇಳಿದರೂ ಮತ್ತೊಮ್ಮೆ.

ಅಷ್ಟು ದುಡ್ಡಿಲ್ಲದಿದ್ದರೆ ನಾಲ್ಕು ಇಂಚಿನ ಫೋಮ್ ಸಾಕು, ಕೆಳಗೆ ಗಟ್ಟಿಯದು, ಮೇಲೆ ಮೆತ್ತನೆಯದು. ಮುಷ್ಟಿಯಿಂದ ಒತ್ತಿದಾಗ ಕೈಗೆ ಹಲಗೆ ಸಿಕ್ಕರೆ ಅದರ ಆಯುಷ್ಯ ಮುಗಿಯಿತು, ಎಸೆಯಿರಿ. ಹತ್ತಿ ದಿಂಬು ಲೆಕ್ಕಕ್ಕಿಲ್ಲ.

ಎಡಗಡೆ ಮಾತ್ರ ಯಾಕೆ? ಶಿಬಿರಗಳಲ್ಲಿ ಸಿಗುವ ಮಡಚುವ ಕುರ್ಚಿಯ ಸೀಟು ಸ್ವಲ್ಪ ದಿನಕ್ಕೆ ತೊಟ್ಟಿಲಿನ ಹಾಗೆ ಜೋಲುತ್ತದೆ. ಸೊಂಟ ಒಂದು ಕಡೆ ವಾಲುತ್ತದೆ, ಆ ಕಡೆಯ ಎಲುಬಿಗೆ ಭಾರ. ಸೀಟಿನ ಅಳತೆಗೆ ಅರ್ಧ ಇಂಚಿನ ಪ್ಲೈವುಡ್ ಕತ್ತರಿಸಿ, ಅಂಚು ಉಜ್ಜಿ, ಕುಶನ್ನಿನ ಕೆಳಗಿಡಿ. ಫುಟ್‌ರೆಸ್ಟ್ ನೋಡಿ: ತೀರಾ ಮೇಲಿದ್ದರೆ ಮೊಣಕಾಲು ಎತ್ತರಕ್ಕೆ ಬಂದು ತೊಡೆ ಕುಶನ್ನಿಂದ ಏಳುತ್ತದೆ, ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ. ತೊಡೆ ಪೂರ್ತಿ ಕುಶನ್ನಿಗೆ ತಾಗುವ ಮಟ್ಟಕ್ಕೆ ಇಳಿಸಿ, ಆದರೆ ಪಾದ ನೇತಾಡಬಾರದು. ಕುರ್ಚಿಯನ್ನೇ ಬದಲಿಸಬೇಕಾಗಿ ಬಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಅವರಿಂದಲೇ ಶುರು ಮಾಡಿ. ಜೇಬಿನಲ್ಲಿ ಪರ್ಸು, ಪಂಚೆಯ ಹಿಂಬದಿಯ ಗಂಟು, ಜೀನ್ಸಿನ ದಪ್ಪ ಹೊಲಿಗೆ, ಇವೂ ಕಾರಣವಾಗುತ್ತವೆ. ನಗಬೇಡಿ, ಕೀಲಿಕೈ ಗೊಂಚಲಿನ ಮೇಲೆ ಕೂತು ಹುಣ್ಣು ಮಾಡಿಕೊಂಡವರಿದ್ದಾರೆ.

ಕೈಯೂರಿ ಕುಂಡಿ ಎತ್ತುವುದನ್ನು ಎಲ್ಲರೂ ಕಲಿಸುತ್ತಾರೆ. ಐದು ಸೆಕೆಂಡು ಎತ್ತಿ ಇಳಿಸಿದರೆ ಏನೂ ಪ್ರಯೋಜನವಿಲ್ಲ. ಒತ್ತಿಹೋದ ಜಾಗಕ್ಕೆ ರಕ್ತ ವಾಪಸ್ ತುಂಬಲು ಸುಮಾರು ಎರಡು ನಿಮಿಷ ಬೇಕು, ಅಷ್ಟು ಹೊತ್ತು ಯಾರ ತೋಳೂ ತಡೆಯದು, ಭುಜ ಬೇರೆ ಹಾಳು. ಬ್ರೇಕ್ ಹಾಕಿ, ಮುಂದೆ ಮಂಚವೋ ಮೇಜೋ ಇಟ್ಟುಕೊಂಡು, ಎದೆಯನ್ನು ತೊಡೆಯ ಕಡೆಗೆ ಬಗ್ಗಿಸಿ ಎರಡು ನಿಮಿಷ ಒರಗಲಿ. ಅರ್ಧ ಗಂಟೆಗೊಮ್ಮೆ. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಅಂತ ಹೇಳಿದರೆ ನೆನಪಿರುತ್ತದೆ.

ಆದರೆ ಇದೆಲ್ಲ ಆ ಕಪ್ಪು ಕಲೆ ಹೋದ ಮೇಲೆ. ಈಗ ಆ ಜಾಗದ ಮೇಲೆ ಕೂರಿಸಲೇಬೇಡಿ. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣುವುದಿಲ್ಲ, ಕೈಯಲ್ಲಿ ಮುಟ್ಟಿ ನೋಡಬೇಕು: ಸುತ್ತಲಿಗಿಂತ ಬಿಸಿ ಇದೆಯೇ, ಗಟ್ಟಿ ಇದೆಯೇ? ಭಾರ ತೆಗೆದು ಅರ್ಧ ಗಂಟೆಯಾದರೂ ಬಣ್ಣ ಮಾಸದಿದ್ದರೆ ಅದು ಹುಣ್ಣಿನ ಮೊದಲ ಹಂತ. ನೇರಳೆ ಬಣ್ಣಕ್ಕೆ ತಿರುಗಿದ್ದರೆ, ಕಳಿತ ಹಣ್ಣಿನ ಹಾಗೆ ಮೆತ್ತಗಾಗಿದ್ದರೆ, ವಾಸನೆ ಅಥವಾ ಜ್ವರ ಇದ್ದರೆ ಅದೇ ದಿನ ಸರ್ಜನ್ ಹತ್ತಿರ ಹೋಗಿ. ಒತ್ತಡ ಹೆಚ್ಚು ಬೀಳುವುದು ಎಲುಬಿಗೆ ಅಂಟಿದ ಮಾಂಸದ ಮೇಲೆ. ಅಲ್ಲಿ ಕೊಳೆತು ಗುಳಿಯಾದ ಮೇಲೆ ಚರ್ಮದಲ್ಲಿ ಸಣ್ಣ ತೂತು ಕಾಣುತ್ತದೆ.

ಮನೆಗೆ ಬಂದವರು ನಡುವೆ ತೂತಿರುವ ರಬ್ಬರ್ ರಿಂಗ್ ತನ್ನಿ ಅನ್ನುತ್ತಾರೆ. ತರಬೇಡಿ, ಅದರ ಅಂಚು ಸುತ್ತಲೂ ಒತ್ತಿ ಮಧ್ಯದ ಜಾಗಕ್ಕೆ ರಕ್ತವೇ ಹೋಗದ ಹಾಗೆ ಮಾಡುತ್ತದೆ. ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವುದೂ ಬೇಡ. ಎಣ್ಣೆಯದಲ್ಲ, ತಿಕ್ಕುವುದರದು ತಪ್ಪು, ಒಳಗೆ ಜಜ್ಜಿದ ಮಾಂಸ ಇನ್ನಷ್ಟು ಹರಿಯುತ್ತದೆ. ಚರ್ಮ ಒಡೆದರೆ ಅರಿಸಿನವಲ್ಲ, ಸ್ಪಿರಿಟ್ ಅಲ್ಲ, ಬುರುಗು ಬರುವ ಹೈಡ್ರೋಜನ್ ಪೆರಾಕ್ಸೈಡ್ ಅಂತೂ ಅಲ್ಲವೇ ಅಲ್ಲ. ಮೆಡಿಕಲ್ಲಿನಲ್ಲಿ ಸಿಗುವ ಸಲೈನ್ ನೀರಿನಿಂದ ತೊಳೆದರೆ ಸಾಕು. ಮೂತ್ರ ಸೋರಿ ಒದ್ದೆಯಾಗಿದ್ದರೆ ತಕ್ಷಣ ಬದಲಿಸಿ, ಒದ್ದೆ ಚರ್ಮ ಬೇಗ ಕಿತ್ತು ಬರುತ್ತದೆ.

ಗಂಜಿ ಉಪ್ಪಿನಕಾಯಿಯಲ್ಲಿ ಹುಣ್ಣು ಮಾಯುವುದಿಲ್ಲ. ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 60 ಕಿಲೋದವರಿಗೆ ದಿನಕ್ಕೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೀಟರ್ ಹಾಲಿನಲ್ಲಿ ಮೂವತ್ತರ ಆಸುಪಾಸು, ಲೆಕ್ಕ ಹಾಕಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಇನ್ನು ಹಾಸಿಗೆ. ತರಲೇಬೇಕೆಂದಿದ್ದರೆ ಗಾಳಿ ಹಾಸಿಗೆ, ಅಂಗಡಿಯಲ್ಲಿ ಆಲ್ಫಾ ಬೆಡ್ ಅನ್ನುತ್ತಾರೆ. ನೀರಿನದರ ಮೇಲೆ ಮಗ್ಗುಲು ಬದಲಿಸುವುದು ಒಬ್ಬರ ಕೈಲಿ ಆಗದ ಕೆಲಸ. ಆಲ್ಫಾ ಬೆಡ್ಡನ್ನು ಈಗಿರುವ ಹಾಸಿಗೆಯ ಮೇಲೆ ಹಾಸಬೇಕು, ಅದರ ಮೇಲೆ ಒಂದೇ ತೆಳು ಹತ್ತಿ ಬಟ್ಟೆ. ಕಂಬಳಿ, ರಬ್ಬರ್ ಶೀಟು ಹೊದಿಸಿದರೆ ದುಡ್ಡು ದಂಡ. ಅದು ಬಂದರೂ ಎರಡು ಗಂಟೆಗೊಮ್ಮೆ ಮಗ್ಗುಲು ತಪ್ಪದು: ಪೂರ್ತಿ ಪಕ್ಕಕ್ಕಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ. ಮೀನಖಂಡದ ಕೆಳಗೊಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ. ಮಳೆಗಾಲದಲ್ಲಿ ನಿಮ್ಮೂರಿನ ಕರೆಂಟು ನಮ್ಮೂರಿನ ಹಾಗೆಯೇ ಇದ್ದರೆ ಪಂಪನ್ನು ಯುಪಿಎಸ್‌ಗೆ ಜೋಡಿಸಿ, ಪಂಪು ನಿಂತರೆ ಹಾಸಿಗೆ ಇಳಿದುಹೋಗಿ ಅಪ್ಪ ಬೆಳಗಿನವರೆಗೆ ಬರೀ ಹಳೆಯ ಹಾಸಿಗೆಯ ಮೇಲೆ ಮಲಗಿದ ಹಾಗೆಯೇ.