ಹಿದಕಿದ ಬೆರಳು ಯಾರದು?

ಬಸವನಗುಡಿಯ ಓದುಗರೊಬ್ಬರ ಪತ್ರ ಬಂದಿದೆ. ಅವರೆಕಾಯಿ ಕಾಲದಲ್ಲಿ ಆಫೀಸಿನ ಆರು ಜನ ಸೇರಿ ಸಹೋದ್ಯೋಗಿಯೊಬ್ಬರ ಊರಿಗೆ, ಮಾಗಡಿ ಕಡೆಗೆ, ಹೋಗಿದ್ದರಂತೆ. ಎರಡು ದಿನ ಮುದ್ದೆ, ಹಿದಕಬೇಳೆ ಸಾರು, ಹೊರಡುವಾಗ ಚೀಲದ ತುಂಬ ಕಾಯಿ. ಆದರೆ ರಾತ್ರಿ ಹಿತ್ತಿಲಲ್ಲಿ ಹಿರಿ ಸೊಸೆ ಅಳುತ್ತಾ, "ಬಂದೋರಿಗೆಲ್ಲ ಬೇಯ್ಸಿ ಹಾಕೋಕೆ ನಾನು ಬೇಕು, ಪಾಲು ಅಂದ್ರೆ ನಾನೇ ಮನೆಮುರುಕಿ" ಅಂದದ್ದು ಇವರ ಕಿವಿಗೆ ಬಿದ್ದಿದೆ. "ನಮ್ಮೆದುರು ಎಲ್ಲರೂ ನಾಟಕ ಆಡಿದರಾ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಾಟಕ ಅಲ್ಲ ಮೇಡಂ. ಬೇಡ ಅಂದರೂ ಇನ್ನೊಂದು ಮುದ್ದೆ ಹಾಕುವುದು ಆ ಮನೆಗಳ ಗುಣ. ಜಗಳ ಇದ್ದರೂ ಅದು ಹೋಗುವುದಿಲ್ಲ. ನನ್ನ ಸೋದರಮಾವಂದಿರ ಮನೆಯೂ ಆ ಸೀಮೆಯದೇ. ನಾವು ಹೋದ ದಿನ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಮಿಕ್ಕ ದಿನ ಮಾತಿಲ್ಲ. ಕೊಟ್ಟಿಗೆ ಒಂದೇ, ಡೈರಿಗೆ ಹೋಗುವ ಕ್ಯಾನು ಎರಡು. ಒಂದರ ಹಿಡಿಗೆ ಕೆಂಪು ದಾರ ಸುತ್ತಿತ್ತು. ಯಾಕೆ ಅಂತ ಕೇಳಿದ್ದಕ್ಕೆ ಅತ್ತೆ, "ಸುಮ್ನೆ ಗುರುತಿಗೆ" ಅಂದರು.

ನಿಮ್ಮ ಪತ್ರದಲ್ಲಿ ಸಾರಿನ ವರ್ಣನೆಗೇ ಅರ್ಧ ಪುಟ ಹೋಗಿದೆ. ಹಿದಕಿದವರ ಬಗ್ಗೆ ಒಂದು ಸಾಲೂ ಇಲ್ಲ. ಗಾಂಧಿ ಬಜಾರಿನಲ್ಲಿ ಹಿದಕಿಟ್ಟ ಬೇಳೆ ಕೊಳ್ಳುವ ನಮಗೆ ಅದು ಮರೆತೇಹೋಗಿದೆ, ಅಲ್ವಾ? ಕಾಯಿ ಸುಲಿಯಬೇಕು, ಕಾಳು ನೆನೆಹಾಕಬೇಕು, ಒಂದೊಂದನ್ನೂ ಎರಡು ಬೆರಳ ನಡುವೆ ಹಿದಕಬೇಕು. ಆರು ಜನ ಜಾಸ್ತಿ ಆದರೆ ಎಷ್ಟು ಕಾಳು ಜಾಸ್ತಿ ಆಯಿತು, ನೀವೇ ಲೆಕ್ಕ ಹಾಕಿ.

ಇನ್ನು ಪಾಲಿನ ಮಾತು. ಎಷ್ಟೋ ಮನೆಗಳಲ್ಲಿ ಜಮೀನಿನ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸೋಣ ಎಂದರೆ ವಂಶವೃಕ್ಷ ಬೇಕು. ಅಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಬರುತ್ತದೆ. ಅದಕ್ಕೇ ಯಾರೂ ಅರ್ಜಿ ಹಾಕುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೊಸೆಗೆ ಮಾತ್ರ ಏನು ಬಂದರೂ ಗಂಡನ ಕಡೆಯಿಂದಲೇ ಬರಬೇಕು. ಆ ಗಂಡನೋ ತಮ್ಮನೆದುರು ಬಾಯಿ ಬಿಡುವುದಿಲ್ಲ. ಅವನು ಆಡಬೇಕಾದ ಮಾತನ್ನು ಈಕೆ ಆಡಿ ಮನೆಮುರುಕಿ ಆಗುತ್ತಾಳೆ. ನನಗೆ ಸಿಟ್ಟು ಬರುವುದು ಅವನ ಮೇಲೆ.

ಮುಂದಿನ ವರ್ಷವೂ ಹೋಗಿ. ಆರು ಜನ ಬೇಡ, ಇಬ್ಬರು ಸಾಕು. ಸಂಜೆ ಕಾಳಿನ ಪಾತ್ರೆ ಮುಂದೆ ಆಕೆಯ ಪಕ್ಕ ಕೂತು ನೀವೂ ಹಿದಕಿ. ಪಾಲಿನ ವಿಷಯ ನೀವಾಗಿ ಎತ್ತಬೇಡಿ. ಸಹೋದ್ಯೋಗಿಗೆ ಈ ಪತ್ರದ ಸುದ್ದಿಯೂ ಬೇಡ. ನೀವು ಬರೆದಿದ್ದ ಊರಿನ ಹೆಸರನ್ನು ನಾನೇ ಹೊಡೆದುಹಾಕಿದ್ದೇನೆ.