ಒಂದು ಸಾಲು ಕೋಡ್‌ಗೆ ಮೂರು ವಾರ ಯಾಕೆ?

ದೊಡ್ಡ ಬ್ಯಾಂಕಿನ ಟೆಕ್ನಾಲಜಿ ವಿಭಾಗದಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು, ಸೇರಬೇಕು ಅಂದುಕೊಂಡವರು ತುಂಬಾ ಬರೆಯುತ್ತಾರೆ. ನಾಲ್ಕೈದು ಪ್ರಶ್ನೆಗಳೇ ಸುತ್ತಿ ಸುತ್ತಿ ಬರುತ್ತವೆ. ಅವುಗಳಲ್ಲಿ ಒಂದಕ್ಕೆ ಈ ಸಲ ಜಾಸ್ತಿ ಜಾಗ ಕೊಡುತ್ತೇನೆ. ಆ ಪ್ರಶ್ನೆಯ ಹಿಂದಿನ ಬೇಸರ ನನಗೂ ಗೊತ್ತು, ಆ ಬೇಸರದಲ್ಲಿ ಹುಡುಗರು ಮಾಡಿಕೊಳ್ಳುವ ಅನಾಹುತವೂ ಗೊತ್ತು.

ಪ್ರಶ್ನೆ: ಸೇರಿ ಐದು ತಿಂಗಳಾಯಿತು. ಆ್ಯಪ್‌ನಲ್ಲಿ ತಪ್ಪಾಗಿ ಕಾಣುತ್ತಿದ್ದ ಒಂದು ಪದ ಸರಿಪಡಿಸಿದೆ. ಒಂದೇ ಸಾಲು. ಅದು ಲೈವ್ ಆಗಲು ಮೂರು ವಾರ ಹಿಡಿಯಿತು! ಪ್ರೊಡಕ್ಷನ್ ಆಕ್ಸೆಸ್, ಅಂದರೆ ಗ್ರಾಹಕರು ಬಳಸುವ ಲೈವ್ ಸಿಸ್ಟಮ್‌ಗೆ ಪ್ರವೇಶ, ಇನ್ನೂ ಕೊಟ್ಟಿಲ್ಲ. ಸ್ಟಾರ್ಟಪ್‌ನಲ್ಲಿರುವ ಗೆಳೆಯ ಮೊದಲ ವಾರವೇ ತನ್ನ ಕೋಡ್ ಲೈವ್ ಮಾಡಿದ. ಬ್ಯಾಂಕಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಅಲ್ವಾ? ನನ್ನ ಸೀನಿಯರ್ ಒಬ್ಬರು ಪಾಪ, ಕೆಲಸ ಬೇಗ ಆಗಲಿ ಅಂತ ಅವರ ಲಾಗಿನ್ ಕೊಡುತ್ತೇನೆ ಅಂದಿದ್ದಾರೆ.

ಉತ್ತರ: ಮೊದಲು ಆ ಕೊನೆಯ ಮಾತು. ಆ ಲಾಗಿನ್ ತೆಗೆದುಕೊಳ್ಳಬೇಡಿ. ಬೇರೆಯವರ ಲಾಗಿನ್‌ನಲ್ಲಿ ನೀವು ಮಾಡಿದ್ದೆಲ್ಲ ಅವರ ಹೆಸರಿನಲ್ಲಿ ದಾಖಲಾಗುತ್ತದೆ. ನಾಳೆ ಏನಾದರೂ ಎಡವಟ್ಟಾದರೆ ಮಾಡಿದ್ದು ಯಾರು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಇಬ್ಬರ ಕೆಲಸವೂ ಹೋಗಬಹುದು. ಪಾಪ ಅನ್ನಬೇಡಿ, ಅವರು ನಿಮಗೆ ಮಾಡುತ್ತಿರುವುದು ಉಪಕಾರವಲ್ಲ.

ಇನ್ನು ನಂಬಿಕೆಯ ವಿಷಯ. ಇಪ್ಪತ್ತು ವರ್ಷ ಅಲ್ಲೇ ದುಡಿದ ಎಂಜಿನಿಯರ್ ಕೂಡ ತಾನು ಬರೆದ ಕೋಡನ್ನು ತಾನೊಬ್ಬನೇ ಒಪ್ಪಿ ಲೈವ್ ಮಾಡುವ ಹಾಗಿರಬಾರದು. ಕೌಂಟರಿನಲ್ಲಿ ದೊಡ್ಡ ಮೊತ್ತ ಬಂದಾಗ ಒಬ್ಬರು ಎಂಟ್ರಿ ಮಾಡುತ್ತಾರೆ, ಇನ್ನೊಬ್ಬರು ನೋಡಿ ಪಾಸ್ ಮಾಡುತ್ತಾರೆ. ಮೇಕರ್, ಚೆಕರ್ ಅನ್ನುತ್ತಾರೆ. ಕೋಡ್‌ಗೂ ಅದೇ ನಿಯಮ. ನೀವು ಹೊಸಬರು ಅಂತ ನಿಮಗಾಗಿ ಮಾಡಿದ್ದಲ್ಲ ಅದು.

ಇನ್ನೊಬ್ಬರು ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಎಲ್ಲ ಹೊಸಬರಿಗೂ ಒಂದೇ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಅಂತ ಒಂದು ಷೇರು ವಹಿವಾಟಿನ ಕಂಪನಿ ಇತ್ತು. 2012ರ ಆಗಸ್ಟ್ 1ರ ವಹಿವಾಟಿಗೆ ಮೊದಲು ಅವರು ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹೋಯಿತು, ಒಂದು ಬಿಟ್ಟುಹೋಯಿತು. ಎಂಟರಲ್ಲೂ ಬಂತಾ ಅಂತ ನೋಡಲು ಎರಡನೆಯ ವ್ಯಕ್ತಿ ಇರಲಿಲ್ಲ. ಬಿಟ್ಟುಹೋದ ಸರ್ವರ್‌ನಲ್ಲಿ ವರ್ಷಗಟ್ಟಲೆ ಬಳಸದ ಹಳೆಯ ಕೋಡ್ ಹಾಗೇ ಕೂತಿತ್ತು. ಹೊಸ ಕೋಡನ್ನು ಚಾಲೂ ಮಾಡಲು ಇಟ್ಟ ಗುರುತು ಹಿಂದೆ ಆ ಹಳೆಯ ಕೋಡಿನದೇ ಆಗಿತ್ತು, ಹಾಗಾಗಿ ಅದನ್ನೇ ಎಬ್ಬಿಸಿಬಿಟ್ಟಿತು. ಮಾರುಕಟ್ಟೆ ತೆರೆದ ಕೂಡಲೇ ಅದು ಬೇಡದ ಆರ್ಡರ್‌ಗಳನ್ನು ಒಂದೇ ಸಮನೆ ಕಳಿಸತೊಡಗಿತು. ಗಾಬರಿಯಲ್ಲಿ ಅವರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು. ಆಗ ಅವುಗಳಲ್ಲೂ ಹಳೆಯ ಕೋಡ್ ಎದ್ದು ಎಂಟೂ ಕೆಟ್ಟವು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಮೀರಿ ನಷ್ಟ. ಮುಂದಿನ ವರ್ಷವೇ ಆ ಕಂಪನಿ ಇನ್ನೊಂದರ ಜೊತೆ ಸೇರಿಹೋಯಿತು.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಆ ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಅವರ ಸಿಸ್ಟಮ್ 97 ಇಮೇಲ್ ಕಳಿಸಿತ್ತು. ಏನೋ ತಪ್ಪಿದೆ ಅಂತ ಅವುಗಳಲ್ಲೇ ಇತ್ತು. ಅದನ್ನು ಎಚ್ಚರಿಕೆ ಅಂತ ಯಾರೂ ಓದಲಿಲ್ಲ.

ಈಗ ನಿಮ್ಮ ಮೂರು ವಾರ ನೋಡಿ. ಕೋಡ್ ರಿವ್ಯೂ, ಟೆಸ್ಟ್, ಚೇಂಜ್ ಟಿಕೆಟ್ ಅನ್ನುವ ಬದಲಾವಣೆಯ ಅರ್ಜಿ, ಅದಕ್ಕೆ ಒಪ್ಪಿಗೆ, ರಿಲೀಸ್‌ಗೆ ಗೊತ್ತು ಮಾಡಿದ ದಿನ. ಟಿಕೆಟ್‌ನಲ್ಲಿ ರೋಲ್‌ಬ್ಯಾಕ್ ಅಂತ ಒಂದು ಕಾಲಂ ಇರುತ್ತದೆ, ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ ಅಂತ ಬರೆಯಲು. ಹೆಚ್ಚಿನ ಅಪ್ರೆಂಟಿಸ್‌ಗಳು ಅಲ್ಲಿ ಸುಮ್ನೆ ಹಿಂದಿನ ಟಿಕೆಟ್‌ನಿಂದ ಕಾಪಿ ಮಾಡುತ್ತಾರೆ. ನೀವೂ ಹಾಗೇ ಮಾಡಿದ್ದರೆ ಮೂರು ವಾರ ನಿಜವಾಗಿ ದಂಡವಾಯಿತು. ಆ ಕಾಲಂ ಸ್ವಂತ ಬುದ್ಧಿಯಿಂದ ಬರೆದವರು ಆರು ತಿಂಗಳಲ್ಲಿ ಕಲಿಯುವುದನ್ನು ಬೇರೆಯವರು ಎರಡು ವರ್ಷದಲ್ಲಿ ಕಲಿಯುವುದನ್ನು ನಾನು ನೋಡಿದ್ದೇನೆ.

ಸ್ಕ್ರೀನ್ ಮೇಲಿನ ಒಂದು ಪದಕ್ಕೆ ಮೂರು ವಾರ ಜಾಸ್ತಿಯೇ, ಒಪ್ಪುತ್ತೇನೆ. ಅಪಾಯ ಕಮ್ಮಿ ಇರುವ ಬದಲಾವಣೆಗೆ ಬೇರೆ, ಚಿಕ್ಕ ದಾರಿ ಇಟ್ಟಿರುವ ಬ್ಯಾಂಕುಗಳಿವೆ. ನಿಮ್ಮಲ್ಲಿ ಇದೆಯಾ ಅಂತ ಮ್ಯಾನೇಜರನ್ನು ಕೇಳಿ. ಮುಂದಿನ ರಿಲೀಸ್ ರಾತ್ರಿ ಪಕ್ಕದಲ್ಲಿ ಕೂತು ನೋಡಲೂ ಅನುಮತಿ ಕೇಳಿ. ಆಕ್ಸೆಸ್ ಅಂತೂ ಕೇಳಬೇಡಿ. ಅದು ಇಲ್ಲದಿರುವುದು ನಿಮಗೇ ರಕ್ಷಣೆ.

ನಾನೂ ಅಪ್ರೆಂಟಿಸ್ ಆಗಿದ್ದವನು. ಒಂದು ಸಂಜೆ ಎರಡು ವಿಂಡೋ ತೆರೆದುಕೊಂಡಿದ್ದೆ. ಟೆಸ್ಟ್ ಅಂದುಕೊಂಡು ಲೈವ್ ಡೇಟಾಬೇಸ್‌ನಲ್ಲಿ ಒಂದು ಅಪ್‌ಡೇಟ್ ಓಡಿಸಿದೆ, ಯಾವ ಸಾಲುಗಳು ಬದಲಾಗಬೇಕು ಅಂತ ಹೇಳುವ ವೇರ್ ಷರತ್ತು ಹಾಕದೆ. ಇಡೀ ಟೇಬಲ್ ಬದಲಾಯಿತು. ಕೈಕಾಲು ತಣ್ಣಗಾಯಿತು. ನಾನೇ ಸರಿ ಮಾಡುತ್ತೇನೆ ಅಂತ ಎರಡು ಗಂಟೆ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ರಾತ್ರಿಯ ಬ್ಯಾಚ್, ಅಂದರೆ ತಾನಾಗಿ ಓಡುವ ಲೆಕ್ಕದ ಕೆಲಸ, ಶುರುವಾಗಿ ಆ ತಪ್ಪು ಲೆಕ್ಕವನ್ನೇ ಎತ್ತಿಕೊಂಡು ಮುಂದೆ ಹೋಯಿತು. ಆರು ಜನ ಬೆಳಗಿನ ಜಾವದವರೆಗೆ ಕೂತು ಸರಿ ಮಾಡಿದರು. ನಮ್ಮ ತಂಡದ ಹಿರಿಯರು ಬೈಯಲಿಲ್ಲ. "ತಪ್ಪು ಎಲ್ಲರೂ ಮಾಡ್ತಾರೆ, ಎರಡು ಗಂಟೆ ಯಾಕಪ್ಪಾ ಸುಮ್ನಿದ್ದೆ?" ಅಂತ ಅಷ್ಟೇ ಕೇಳಿದರು. ಆ ಮಾತಿನ ಭಾರ ಇವತ್ತಿಗೂ ಇಳಿದಿಲ್ಲ. ಅವತ್ತು ನನಗೆ ಆ ಆಕ್ಸೆಸ್ ಕೊಡಲೇಬಾರದಿತ್ತು. ನಿಮ್ಮ ಬ್ಯಾಂಕ್ ಆ ತಪ್ಪು ಮಾಡುತ್ತಿಲ್ಲ.

ಪ್ರಶ್ನೆ: ಬ್ಯಾಂಕಿಗೆ ಹೋದರೆ ಕೋಬಾಲ್‌ನಂಥ ಹಳೇ ಭಾಷೆ ಹಿಡಿದು ತುಕ್ಕು ಹಿಡಿಯುತ್ತೀರಿ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ನಿಜವೇ?

ಉತ್ತರ: ಸುಳ್ಳು. ಕೋಬಾಲ್ ಶುರುವಾಗಿದ್ದು 1959ರಲ್ಲಿ, ಇಂದಿಗೂ ಎಷ್ಟೋ ಬ್ಯಾಂಕುಗಳ ಖಾತೆ ಲೆಕ್ಕ ಅದರ ಮೇಲೇ ನಿಂತಿದೆ. ತಂಡದವರು ಕಲಿಸುತ್ತೇವೆ ಅಂದರೆ ಕಲಿಯಿರಿ.

ಪ್ರಶ್ನೆ: ಎರರ್ ಲಾಗ್ (ಸಿಸ್ಟಮ್ ಬರೆದಿಡುವ ದೋಷಗಳ ದಾಖಲೆ) ಅರ್ಥವಾಗದಿದ್ದರೆ ಎಐ ಚಾಟ್‌ಬಾಟ್‌ಗೆ ಹಾಕಿ ಕೇಳಬಹುದಾ?

ಉತ್ತರ: ಬ್ಯಾಂಕ್ ಒಪ್ಪಿಗೆ ಕೊಟ್ಟ ಟೂಲ್ ಬಿಟ್ಟು ಬೇರೆ ಎಲ್ಲೂ ಬೇಡ. ಲಾಗ್‌ನಲ್ಲಿ ಗ್ರಾಹಕರ ಖಾತೆ ನಂಬರ್ ಇರಬಹುದು.

ಪ್ರಶ್ನೆ: ನನಗೆ ಬ್ಯಾಂಕಿಂಗ್ ಗೊತ್ತಿಲ್ಲ. ಕೋಡಿಂಗ್ ಬಂದರೆ ಸಾಕಲ್ವಾ?

ಉತ್ತರ: ಸಾಲದು. ಡೆಬಿಟ್, ಕ್ರೆಡಿಟ್ ಮೊದಲ ತಿಂಗಳೇ ಕಲಿಯಿರಿ. ಲೆಡ್ಜರ್‌ನಲ್ಲಿ ತಪ್ಪು ಎಂಟ್ರಿಯನ್ನು ಅಳಿಸುವುದಿಲ್ಲ, ಅದಕ್ಕೆ ಎದುರಾದ ಎಂಟ್ರಿ ಹಾಕುತ್ತಾರೆ. ಇದು ಗೊತ್ತಿಲ್ಲದವರು ಡಿಲೀಟ್ ಬಟನ್ ಮಾಡಿಟ್ಟು ಬೈಸಿಕೊಳ್ಳುತ್ತಾರೆ. ಹಣವನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಾಗಿ ಇಡುವ ರೂಪದಲ್ಲಿ, ಇಡಲೂಬೇಡಿ. 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಅನ್ನುತ್ತದೆ. ಲಕ್ಷಗಟ್ಟಲೆ ಖಾತೆಗೆ ಬಡ್ಡಿ ಹಾಕುವಾಗ ಈ ಚಿಲ್ಲರೆ ಎಲ್ಲಿ ಹೋಯಿತು ಅಂತ ಲೆಕ್ಕಪರಿಶೋಧಕರು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಒಂದು ತರಬೇತಿ ಸಂಸ್ಥೆ ಹಣ ಕಟ್ಟಿದರೆ ದೊಡ್ಡ ಬ್ಯಾಂಕಿನಲ್ಲಿ ಅಪ್ರೆಂಟಿಸ್ ಸೀಟ್ ಗ್ಯಾರಂಟಿ ಅನ್ನುತ್ತಿದೆ. ಕಟ್ಟಲೇ?

ಉತ್ತರ: ಬೇಡ, ಬೇಡ, ಬೇಡ. ಅಪ್ರೆಂಟಿಸ್‌ಗೆ ಬ್ಯಾಂಕೇ ಹಣ ಕೊಡುತ್ತದೆ, ಸೀಟಿಗೆ ಅಂತ ಅಪ್ರೆಂಟಿಸ್‌ನಿಂದ ತೆಗೆದುಕೊಳ್ಳುವುದಿಲ್ಲ. ಸೀಟ್ ಮಾರುವವರು ಮೋಸಗಾರರು. ಅವರಿಗೆ ಕಟ್ಟಲು ಸಾಲ ಮಾಡಿಕೊಂಡ ಮಕ್ಕಳ ಪತ್ರ ಓದಿ ನನಗೆ ರಾತ್ರಿ ನಿದ್ದೆ ಬಂದಿಲ್ಲ. ಬ್ಯಾಂಕಿನ ಸ್ವಂತ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಿ. ಆಗಲೇ ಕಟ್ಟಿದ್ದರೆ ರಸೀದಿ, ಮೆಸೇಜ್ ಯಾವುದನ್ನೂ ಅಳಿಸದೆ ಇವತ್ತೇ ಪೊಲೀಸರಿಗೆ ದೂರು ಕೊಡಿ, ಆ ಬ್ಯಾಂಕಿಗೂ ತಿಳಿಸಿ.