ದೋಣಿಯ ತಳಕ್ಕೆ ಚಿಪ್ಪು ಅಂಟುವುದು ಹೇಗೆ?

ಪ್ರಶ್ನೆ: ಹೊಳೆಬಾಗಿಲಿನ ಲಾಂಚಿನ ತಳದಲ್ಲಿ ಬರೀ ಹಾವಸೆ ನೋಡಿದ್ದೇನೆ. ಹೊನ್ನಾವರದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಅಡಿಯಲ್ಲಿ ಕಲ್ಲಿನಂಥ ಚಿಪ್ಪು ತುಂಬಿತ್ತು. ಹೊಳೆ ಒಂದೇ ಅಲ್ವಾ?
– ಓದುಗರು, ಸಾಗರ

ಉತ್ತರ: ಹೊಳೆ ಒಂದೇ, ಎರಡೂ ಕಡೆ ಶರಾವತಿ. ನೀರು ಮಾತ್ರ ಬೇರೆ. ನೀವು ನೋಡಿದ್ದು ಬಾರ್ನಕಲ್. ಅದಕ್ಕೆ ಉಪ್ಪುನೀರು ಬೇಕು, ಹೊಳೆಬಾಗಿಲಿನ ಸಿಹಿ ಹಿನ್ನೀರಿನಲ್ಲಿ ಬದುಕುವುದಿಲ್ಲ. ಚಿಪ್ಪಿದೆ ಅಂತ ಕಪ್ಪೆಚಿಪ್ಪಿನ ಜಾತಿ ಅಂದುಕೊಳ್ಳಬೇಡಿ. ಇದು ಸಿಗಡಿ, ಏಡಿಯ ಬಳಗ.

ಶುರುವಾಗುವುದು ಮಾತ್ರ ಎರಡೂ ಕಡೆ ಒಂದೇ ಥರ. ಮಳೆಗಾಲದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಂಗಳದ ಕಲ್ಲು ಜಾರುತ್ತದಲ್ಲ, ಹಾಗೆ. ಮೊದಲು ಬ್ಯಾಕ್ಟೀರಿಯಾದ ಲೋಳೆ, ಕೆಲವೇ ಗಂಟೆಗಳಲ್ಲಿ. ಆಮೇಲೆ ಕಣ್ಣಿಗೆ ಕಾಣದ ಪಾಚಿ. ಸಮುದ್ರದಲ್ಲಿ ಇದರ ಜೊತೆಗೆ ಮರಿಗಳೂ ಬರುತ್ತವೆ.

ಬಾರ್ನಕಲ್ ಮರಿ ಸಾಸಿವೆಗಿಂತ ಚಿಕ್ಕದು. ಜಾಗ ಹುಡುಕುವ ಹೊತ್ತಿನಲ್ಲಿ ಅದು ಏನೂ ತಿನ್ನುವುದಿಲ್ಲ. ಎರಡು ಮೀಸೆಗಳನ್ನೇ ಕಾಲು ಮಾಡಿಕೊಂಡು ತಳದ ಮೇಲೆ ನಡೆಯುತ್ತದೆ, ನಿಲ್ಲುತ್ತದೆ, ಮುಟ್ಟಿ ನೋಡುತ್ತದೆ. ತನ್ನವರ ಗುರುತು ಸಿಕ್ಕರೆ ಅಲ್ಲೇ ತಲೆ ಕೆಳಗಾಗಿ ಅಂಟು ಸುರಿದು ಕೂರುತ್ತದೆ. ಮತ್ತೆ ಏಳುವುದಿಲ್ಲ! ಸುತ್ತ ಸುಣ್ಣದ ಗೋಡೆ ಕಟ್ಟಿ, ಕಾಲುಗಳನ್ನು ಬೀಸಿ ಬೀಸಿ ಆಹಾರ ಹಿಡಿಯುತ್ತದೆ. ಒಮ್ಮೆ ಹೆಬ್ಬೆರಳಿನಿಂದ ಕೀಳಲು ಹೋಗಿದ್ದೆ. ಬೆರಳು ಕೊಯ್ದಿತು, ಚಿಪ್ಪು ಅಲುಗಲಿಲ್ಲ. ಡಾರ್ವಿನ್ ಈ ಪ್ರಾಣಿಯ ಹಿಂದೆ 8 ವರ್ಷ ಕಳೆದದ್ದು ನನಗಂತೂ ಆಶ್ಚರ್ಯವಲ್ಲ.

ತಳ ಒರಟಾದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ತವರ ಬೆರೆತ ವಿಷದ ಬಣ್ಣ ಚೆನ್ನಾಗಿ ತಡೆಯುತ್ತಿತ್ತು. ಆದರೆ ಅದು ಶಂಖದ ಹುಳು, ಸಿಂಪಿಗಳನ್ನೂ ಕೆಡಿಸಿತು. ಹಡಗುಗಳಿಗೆ ಅದನ್ನು ಬಳಿಯುವುದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಈಗ ಹೆಚ್ಚಾಗಿ ತಾಮ್ರದ ಬಣ್ಣ ಬಳಿಯುತ್ತಾರೆ.